ಮೇಜಿನ ಮೇಲೆ ಲೋಟ ಇತ್ತಲ್ಲ

ವಿಜ್ಞಾನ ಕಾಲೇಜಿನ ಪ್ರವೇಶ ಸಮಿತಿಯ ಮಾನ್ಯ ಅಧ್ಯಕ್ಷರೇ,

ಕಳೆದ ವಾರ ನಿಮ್ಮ ಸಂದರ್ಶನದ ಕೋಣೆಯಲ್ಲಿ ನನ್ನ ಹದಿನೈದು ವರ್ಷದ ಮಗಳು ‘ಗೊತ್ತಿಲ್ಲ’ ಎಂದಾಗ ನೀವು ಮೂವರೂ ನಕ್ಕಿರಿ. ಆ ನಗುವಿನ ಬಗ್ಗೆಯೇ ನನ್ನ ದೂರು. ಲಕೋಟೆಯಲ್ಲಿಟ್ಟು ಕಳಿಸಬಹುದಿತ್ತು. ಆದರೆ ಅವಳಿಗೆ ಅವಮಾನವಾದದ್ದು ಎಲ್ಲರೆದುರಿಗೆ, ಪತ್ರವೂ ಎಲ್ಲರೆದುರಿಗೇ ಇರಲಿ ಎಂದು ಪತ್ರಿಕೆಗೆ ಕೊಟ್ಟಿದ್ದೇನೆ.

ಜಾಣ ಮಕ್ಕಳನ್ನು ಎರಡು ವರ್ಷ ಮೊದಲೇ ಕಾಲೇಜಿಗೆ ಸೇರಿಸಿಕೊಳ್ಳುವ ನಿಮ್ಮ ಯೋಜನೆಯ ಪುಸ್ತಿಕೆ ನಮ್ಮ ಮನೆಯಲ್ಲಿ ಓದಿ ಓದಿ ಹರಿದಿದೆ. ‘ಕುತೂಹಲವೇ ಅರ್ಹತೆ’ ಎಂದು ಅದರ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ಅದನ್ನು ನಂಬಿ ಎರಡು ವರ್ಷ ತಯಾರಿ ನಡೆಸಿದೆವು. ಯಾವ ಪರೀಕ್ಷೆಯನ್ನು ಖಾಸಗಿಯಾಗಿ ಕಟ್ಟಬೇಕು, ಗಣಿತ ಮೊದಲೋ ರಸಾಯನಶಾಸ್ತ್ರ ಮೊದಲೋ, ಪ್ರಯೋಗಾಲಯವನ್ನೇ ಕಾಣದ ಹುಡುಗಿಗೆ ಪ್ರಯೋಗ ಬರುತ್ತದೆಂದು ಯಾರಿಂದ ಬರೆಸಬೇಕು, ಎಲ್ಲ ವಿಚಾರಿಸಿದೆವು. ಅರ್ಜಿಯಲ್ಲಿ ಮುಖ್ಯೋಪಾಧ್ಯಾಯರ ಸಹಿ ಕೇಳಿದ್ದಿರಿ. ಮನೆಯೇ ಆದ ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿ, ಅಡುಗೆಯವಳು, ಕಸ ಗುಡಿಸುವವಳು ಎಲ್ಲ ನಾನೇ ಆದ್ದರಿಂದ ಒಲೆ ಆರಿಸಿ, ಕೈ ಒರೆಸಿಕೊಂಡು ಸಹಿ ಹಾಕಿದೆ. ಮೊಹರು ಎಲ್ಲಿ ಎಂದು ನಿಮ್ಮ ಗುಮಾಸ್ತರು ಕೇಳಿದರು.

ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು, ಓದಿದ್ದು ಹತ್ತನೇ ತರಗತಿ. ಪ್ರಶ್ನೆ ಜಾಸ್ತಿ ಕೇಳುತ್ತಾಳೆಂದು ಶಾಲೆಯವರು ಮಗಳನ್ನು ಹಿಂದಿನ ಬೆಂಚಿಗೆ ಅಟ್ಟಿದಾಗ, ಮನೆಯಲ್ಲೇ ಓದಿಸುತ್ತೇನೆಂದು ಜಂಬದಿಂದ ಕರೆತಂದೆ. ಅವಳು ಕೇಳಿದ್ದಕ್ಕೆಲ್ಲ ಉತ್ತರ ನನ್ನ ಹತ್ತಿರ ಎಲ್ಲಿಂದ ಬರಬೇಕು? ‘ಗೊತ್ತಿಲ್ಲ ಕಣೇ, ನೋಡೋಣ ಬಾ’ ಎನ್ನುತ್ತಿದ್ದೆ. ಅಂಗಡಿಯಲ್ಲಿ ಉಳಿದ ಗಾಜು, ಮೇಣದಬತ್ತಿ, ಒಂದು ಬಕೆಟ್ ನೀರು ಇಟ್ಟುಕೊಂಡು ನೋಡುತ್ತಿದ್ದೆವು. ಬರಬರುತ್ತಾ ಅದೇ ಮನೆಯ ಕಾನೂನಾಯಿತು. ಮಾಡಿ ನೋಡದೆ ಯಾರೂ ‘ಗೊತ್ತು’ ಎನ್ನುವಂತಿಲ್ಲ. ನನ್ನ ಅಜ್ಞಾನ ಮುಚ್ಚಿಕೊಳ್ಳಲು ಹುಟ್ಟಿದ ಈ ಕಾನೂನನ್ನೇ ಮಗು ವಿಜ್ಞಾನವೆಂದು ತಿಳಿದು ಬೆಳೆಯಿತು. ಹೊರಗೆ ಇದು ನಡೆಯುವುದಿಲ್ಲವೆಂದು ಅವಳಿಗೆ ಹೇಳುವುದು ನಮ್ಮ ಅಷ್ಟೆಲ್ಲ ತಯಾರಿಯಲ್ಲಿ ಬಿಟ್ಟೇ ಹೋಯಿತು.

ನೀವು ಕೇಳಿದ್ದು ಸುಲಭದ ಪ್ರಶ್ನೆ. ಲೋಟದ ಅಂಚಿನವರೆಗೆ ನೀರಿದೆ, ಅದರಲ್ಲಿ ಐಸ್ ತೇಲುತ್ತಿದೆ, ಐಸ್ ಕರಗಿದರೆ ನೀರು ಚೆಲ್ಲುತ್ತದೆಯೇ? ನನ್ನ ಮಗಳ ಮುಖ ಅರಳಿದ್ದನ್ನು ನಾನು ಪಕ್ಕದಿಂದ ಕಂಡೆ.

‘ಚೆಲ್ಲಲ್ಲ ಅನ್ಸುತ್ತೆ ಸಾರ್. ಆದ್ರೆ ಗೊತ್ತಿಲ್ಲ, ನಾನು ಮಾಡಿ ನೋಡಿಲ್ಲ. ಮೇಜಿನ ಮೇಲೆ ಲೋಟ ಇದೆಯಲ್ಲ, ನೋಡೋಣ್ವಾ?’

ನೀವು ನಕ್ಕಿರಿ. ನಿಮ್ಮ ಎಡಬಲದವರೂ ನಕ್ಕರು. ಕಾಲೇಜು ಅಂದ್ರೆ ಅಡುಗೆಮನೆ ಅಲ್ಲಮ್ಮ ಎಂದಿರಿ. ಕುತೂಹಲವನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸುವವರಿಗೆ ಅದು ಎದುರು ಕುರ್ಚಿಯಲ್ಲಿ ಬಂದು ಕೂತಾಗ ಗುರುತು ಸಿಗಲಿಲ್ಲವೇ? ಒಂದು ಲೋಟ ನೀರಿಗೆ ನಿಮ್ಮ ಸಮಿತಿಯಲ್ಲಿ ಅಷ್ಟು ಬರವೇ?

ಪತ್ರವನ್ನು ಇಷ್ಟಕ್ಕೇ ನಿಲ್ಲಿಸಿದ್ದರೆ ನಿಮ್ಮನ್ನು ಬೈದ ಸಮಾಧಾನವಾದರೂ ನನಗೆ ಸಿಗುತ್ತಿತ್ತು. ಆದರೆ ಆಗ ನಾನೂ ನಕ್ಕೆ. ದೊಡ್ಡವರು ನಕ್ಕಾಗ ಕೈಕಟ್ಟಿ ಕೂತವರಿಗೆ ತಾನಾಗಿ ಬರುವ ನಗು ಅದು. ನಕ್ಕು, ‘ಸ್ಕೂಲಿಗೆ ಹೋಗಿಲ್ವಲ್ಲ ಸಾರ್, ಅದಕ್ಕೇ ಹಾಗೆ’ ಅಂದೆ. ಮಗಳು ನಿಮ್ಮ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. ಆ ನೋಟ ನೆನಪಾದಾಗಲೆಲ್ಲ ನಾಚಿಕೆಯಿಂದ ಕುಗ್ಗಿಹೋಗುತ್ತೇನೆ.

ಈಗ ಅವಳು ತುಂಬ ಒಳ್ಳೆಯ ವಿದ್ಯಾರ್ಥಿನಿ. ಏನು ಕೇಳಿದರೂ ಪುಸ್ತಕದ ಉತ್ತರವನ್ನು ಪಟಪಟನೆ ಒಪ್ಪಿಸುತ್ತಾಳೆ. ನಿನ್ನೆ ಸಂಜೆ ನಾನೇ ಲೋಟದ ತುಂಬ ನೀರು ಹಾಕಿ, ಐಸ್ ಬಿಟ್ಟು, ನೋಡೋಣ ಬಾ ಎಂದು ಕರೆದೆ.

‘ಚೆಲ್ಲಲ್ಲಮ್ಮ. ಪುಸ್ತಕದಲ್ಲಿದೆ’ ಎಂದು ತಲೆ ಎತ್ತದೆ ಹೇಳಿದಳು.

ನಾನೊಬ್ಬಳೇ ಕೂತು ನೋಡಿದೆ. ಐಸ್ ಕರಗಿತು. ಲೋಟದ ಸುತ್ತ ಮೇಜು ಒದ್ದೆಯಾಗಿತ್ತು. ಒಳಗಿನ ನೀರೇ ಚೆಲ್ಲಿತೋ, ಲೋಟದ ಹೊರಮೈ ಬೆವರಿ ಇಳಿಯಿತೋ, ನನಗೆ ತಿಳಿಯಲಿಲ್ಲ. ಮೊದಲಾಗಿದ್ದರೆ ಅವಳು ಬೆರಳಿನಿಂದ ಒರೆಸಿ, ಇನ್ನೊಂದು ಲೋಟ ತಂದು, ಊಟ ತಣ್ಣಗಾಗುವವರೆಗೆ ನನ್ನನ್ನು ಅಲ್ಲಿಂದ ಏಳಲು ಬಿಡುತ್ತಿರಲಿಲ್ಲ.

ಸೀಟು ಕೊಡಿ ಎಂದು ನಾನು ಬೇಡುತ್ತಿಲ್ಲ. ಅವಳನ್ನು ಇನ್ನೊಮ್ಮೆ ಕರೆಯಿರಿ, ಈ ಸಲ ಪ್ರಯೋಗಾಲಯಕ್ಕೆ. ಅದೇ ಪ್ರಶ್ನೆ ಕೇಳಿ. ಅವಳು ಪುಸ್ತಕದ ಉತ್ತರ ಹೇಳಿದರೆ ಒಪ್ಪಬೇಡಿ, ಗೊತ್ತಿಲ್ಲ ನೋಡೋಣ ಎಂದು ನೀವೇ ಹೇಳಿ ಲೋಟವನ್ನು ಅವಳ ಕೈಗೆ ಕೊಡಿ. ಆಮೇಲೆ ಸೇರಿಸಿಕೊಳ್ಳುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಹೇಳಿದರೆ ಅವಳು ಇನ್ನು ನಂಬುವುದಿಲ್ಲ. ಅಂದು ನನ್ನನ್ನು ಒಳಗೆ ಬಿಡಬೇಡಿ, ಗೇಟಿನ ಹೊರಗೆ ಕಾಯುತ್ತೇನೆ.

ಇಂತಿ,
ಅಂದು ನಕ್ಕವರಲ್ಲಿ ನಾಲ್ಕನೆಯವಳು