ಬೆಕ್‌ಗೇಟ್ ಬೀದಿಯ ಬಿಳಿ ಕಿಟಕಿ

ಥಾರ್ನ್‌ಬೆಕ್, ಯಾರ್ಕ್‌ಷೈರ್
೧೧ ಅಕ್ಟೋಬರ್ ೨೦೧೭

ಪ್ರೀತಿಯ ಕ್ಲಿಫರ್ಡ್,

ವಿಟ್ಬಿಯಲ್ಲಿರುವ ನಿನ್ನ ತಮ್ಮನ ಮನೆಗೆ ನಗರಸಭೆಯ ಲಕೋಟೆಯೊಂದು ಬರುತ್ತದೆ. ಅದನ್ನು ನೀನು ಒಡೆಯುವ ಮುಂಚೆ ಈ ಕಾಗದ ನಿನ್ನ ಕೈ ಸೇರಲಿ ಎಂದು ಅವಸರದಲ್ಲಿ ಬರೆಯುತ್ತಿದ್ದೇನೆ. ಮನೆ ಇನ್ನೂ ನಮ್ಮಿಬ್ಬರ ಹೆಸರಿನಲ್ಲಿದೆ, ಹಾಗಾಗಿ ನೋಟಿಸೂ ಇಬ್ಬರಿಗೂ. ವಿಷಯ ಇಷ್ಟೇ: ಮುಂದಿನ ಕೋಣೆಯ ಪ್ಲಾಸ್ಟಿಕ್ ಕಿಟಕಿ ಕಿತ್ತು, ಮೊದಲಿದ್ದಂತೆ ಮೇಲೆ ಕೆಳಗೆ ಜಾರುವ ಮರದ ಕಿಟಕಿ ಕೂರಿಸಬೇಕು. ಹಳೆಯದು ನಿನ್ನ ಬಳಿ, ನಿನ್ನ ತಮ್ಮನ ಗ್ಯಾರೇಜಿನಲ್ಲಿದೆ. ಅದನ್ನು ತೆಗೆದುಕೊಂಡು ಬಾ. ಯಾರ ಕೈಯಲ್ಲೂ ಕೊಟ್ಟು ಕಳಿಸಬೇಡ, ನೀನೇ ಬಾ.

ಆ ಕಿಟಕಿಯನ್ನು ನಾನು ಬೈದದ್ದಕ್ಕೆ ಲೆಕ್ಕವಿಲ್ಲ. ಗಾಳಿ ಬೀಸಿದರೆ ಗಡಗಡ ಅಲ್ಲಾಡುತ್ತಿತ್ತು, ಸಂದಿಯಿಂದ ನುಗ್ಗಿದ ಚಳಿ ಮನೆಯಲ್ಲಿ ಬೇರೆ ಯಾರೂ ಇಲ್ಲವೇನೋ ಎಂಬಂತೆ ನೇರ ನನ್ನ ಮೊಣಕಾಲಿಗೇ ಬರುತ್ತಿತ್ತು. ನೀನು ಪ್ರತಿ ಬೇಸಿಗೆಯಲ್ಲಿ ಅದನ್ನು ಮೇಲೆ ಕೆಳಗೆ ಜಾರಿಸುವ ಹಗ್ಗ ಬದಲಿಸಿ, ಗಾಜಿನ ಸುತ್ತ ಪುಟ್ಟಿ ಮೆತ್ತಿ, ಬಣ್ಣ ಬಳಿದು, ಈ ಸಲ ಬೆಚ್ಚಗಿರುತ್ತದೆ ನೋಡು ಎನ್ನುತ್ತಿದ್ದೆ. ಇರುತ್ತಿರಲಿಲ್ಲ. ಆ ವರ್ಷ ನ್ಯುಮೋನಿಯಾ ಕಳೆದು ನಾನು ಆಸ್ಪತ್ರೆಯಿಂದ ಮನೆಗೆ ಬಂದರೆ, ಹಳೆಯದರ ಜಾಗದಲ್ಲಿ ಬಿಳಿ ಪ್ಲಾಸ್ಟಿಕ್ ಕಿಟಕಿ ಕೂತಿತ್ತು. ಕೋಣೆ ಬೆಚ್ಚಗಿತ್ತು. ನೀನು ಟೀ ಮಾಡಲು ಒಳಗೆ ಹೋದೆ.

ಹಿತ್ತಲ ಕಡೆಯ ಕಿಟಕಿಯಾಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ನಮ್ಮದು ಸಂರಕ್ಷಿತ ಬೀದಿ; ಬೀದಿಗೆ ಮುಖ ಮಾಡಿದ ಬಾಗಿಲು, ಕಿಟಕಿಯನ್ನು ಅಪ್ಪಣೆಯಿಲ್ಲದೆ ಬದಲಿಸುವ ಹಾಗಿಲ್ಲ. ಅದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಬೀದಿಯ ಹಳೆಯ ರೂಪ ಕಾಯುವ ಪರಂಪರೆ ಸಂಘದ ಕಾರ್ಯದರ್ಶಿ ಆಗ ನೀನೇ. ಪಕ್ಕದ ಮನೆಯ ಮಿಸೆಸ್ ಡಿನ್ಸ್‌ಡೇಲ್ ಪ್ಲಾಸ್ಟಿಕ್ ಬಾಗಿಲಿಗೆ ಅರ್ಜಿ ಹಾಕಿದಾಗ ಉದ್ದಕ್ಕೆ ಆಕ್ಷೇಪ ಬರೆದು ಅದನ್ನು ತಪ್ಪಿಸಿದವನೂ ನೀನೇ. ನಿಲುಗಡೆ ನಿಷೇಧದ ಹಳದಿ ಗೆರೆಯ ಮೇಲೆ ಒಂದು ದಿನವೂ ಕಾರು ನಿಲ್ಲಿಸದ ಮನುಷ್ಯ ನೀನು. ಜೀವಮಾನದಲ್ಲಿ ನೀನು ಮುರಿದ ಒಂದೇ ಒಂದು ಕಾಯಿದೆ ನನ್ನ ಮೊಣಕಾಲಿನ ಸಲುವಾಗಿ. ಇಂಥ ಪ್ರೇಮಪತ್ರವನ್ನು ಯಾವ ಹೆಂಗಸು ಪಡೆದಿದ್ದಾಳೆ ಹೇಳು.

ಆದರೆ ಬೀದಿಯವರ ಬಾಯಿ ಕಟ್ಟುವುದು ಹೇಗೆ? ಮಿಸೆಸ್ ಡಿನ್ಸ್‌ಡೇಲ್ ನಿನಗೆ ಕೇಳಲೆಂದೇ ಗೋಡೆಯಾಚೆಯಿಂದ ನನ್ನ ಹತ್ತಿರ ಅಂದಳಲ್ಲ: "ಹೇಳೋದು ಶಾಸ್ತ್ರ, ಇಕ್ಕೋದು ಗಾಳ. ನಿನ್ನ ಗಂಡನ್ನ ನೋಡೇ ಮಾಡಿರ್ಬೇಕು ಕಣೇ ಆ ಗಾದೇನ." ನೀನು ಸಂಘ ಬಿಟ್ಟೆ. ಆಮೇಲೆ ಪಬ್ಬಿಗೆ ಹೋಗುವುದನ್ನು ಬಿಟ್ಟೆ. ಕೊನೆಗೆ ತಮ್ಮನ ಮನೆಗೆ ಹದಿನೈದು ದಿನ ಹೋಗಿ ಬರುತ್ತೇನೆ ಎಂದೆ. ಬಟ್ಟೆಯ ಪೆಟ್ಟಿಗೆಗಿಂತ ಮೊದಲು ಹಳೆಯ ಕಿಟಕಿಯನ್ನು ಕಂಬಳಿಯಲ್ಲಿ ಸುತ್ತಿ ವ್ಯಾನಿಗೆ ಏರಿಸಿದ್ದನ್ನು ಕಂಡಾಗಲೇ ನನಗೆ ತಿಳಿಯಿತು, ಇವನು ಸದ್ಯಕ್ಕೆ ಬರುವವನಲ್ಲ ಎಂದು.

ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ಆಡಿಕೊಂಡವರು ಬೇಕಾದಷ್ಟು ಜನ, ಆದರೆ ನಗರಸಭೆಗೆ ದೂರು ಕೊಟ್ಟವರು ಒಬ್ಬರೂ ಇರಲಿಲ್ಲ. ನಾಲ್ಕು ವರ್ಷ ನಗರಸಭೆ ಕೈ ಹಾಕದಿದ್ದರೆ ಆಮೇಲೆ ಆ ಕಿಟಕಿಯನ್ನು ಯಾರೂ ಮುಟ್ಟುವ ಹಾಗಿಲ್ಲ. ನೀನು ಅದನ್ನು ಹಾಕಿಸಿ ಬರುವ ತಿಂಗಳಿಗೆ ನಾಲ್ಕು ವರ್ಷ. ನಿನಗೋಸ್ಕರ ಇಡೀ ಬೀದಿ ತುಟಿ ಹೊಲಿದುಕೊಂಡು ಕಾಯುತ್ತಿತ್ತು. ಅದೇ ಮಿಸೆಸ್ ಡಿನ್ಸ್‌ಡೇಲ್ ಬೇಸಿಗೆಯಲ್ಲಿ ಬಂದು, ಇನ್ನು ಸ್ವಲ್ಪ ದಿನ ಸುಮ್ಮನಿದ್ದರೆ ಮುಗಿಯಿತು, ಆಮೇಲೆ ನಿನ್ನ ಗಂಡ ತಲೆಯೆತ್ತಿಕೊಂಡು ಬರಬಹುದು ಎಂದು ಧೈರ್ಯ ಹೇಳಿ ಹೋದಳು. ಅವಳಿಗೆ ನೀನು ಗೊತ್ತಿಲ್ಲ. ಗಡುವು ಮೀರಿತೆಂದು ತಪ್ಪು ಸರಿಹೋಯಿತೆಂದುಕೊಳ್ಳುವ ಜಾತಿಯವನಲ್ಲ ನೀನು. ನಾಲ್ಕಲ್ಲ, ನಲವತ್ತು ವರ್ಷ ಕಳೆದರೂ ಆ ಬಿಳಿ ಕಿಟಕಿ ಇರುವ ಮನೆಗೆ ನೀನು ಬರುತ್ತಿರಲಿಲ್ಲ.

ಅದಕ್ಕೇ ದೂರು ಕೊಟ್ಟೆ. ಹೌದು, ನಾನೇ. ಕಾಲ ಮೇಲೆ ಕಲ್ಲು ಎಳೆದುಕೊಳ್ಳುವುದೆಂದರೆ ಇದೇ ಇರಬೇಕು.

ತನಿಖೆಗೆ ಬಂದವಳು ಮಿಸ್ ಕರ್ವೆನ್ ಎಂಬ ಸಣ್ಣ ವಯಸ್ಸಿನ ಅಧಿಕಾರಿ. ಬಾಗಿಲಲ್ಲಿ ನಿಂತೇ, ದೂರು ಕೊಟ್ಟವರ ಹೆಸರನ್ನು ತಾನು ಹೇಳುವ ಹಾಗಿಲ್ಲ ಎಂದಳು. ಹೇಳಬೇಡ, ಅದು ನಾನೇ, ಒಳಗೆ ಬಂದು ಟೀ ಕುಡಿ ಎಂದೆ. ಅವಳ ಮುಖ ನೋಡಬೇಕಿತ್ತು.

"ಹಾಗಾದ್ರೆ ನೀವೇ ಬದಲಾಯಿಸ್ಕೋಬಹುದಲ್ಲ. ನೋಟಿಸ್ ಯಾಕೆ?" ಎಂದಳು.

"ನಾನು ಕರೆದ್ರೆ ಅವನು ಬರಲ್ಲಮ್ಮ. ನೋಟಿಸಿಗಾದ್ರೆ ಬರ್ತಾನೆ."

ಅವಳು ಟೀ ಕುಡಿದು ಮುಗಿಸಿದಳು. ಆಮೇಲೆ, ಹಳೆಯದೇ ಆಗಬೇಕೆಂದಿಲ್ಲ, ಅದೇ ಮಾದರಿಯ ಹೊಸ ಮರದ ಕಿಟಕಿಯಾದರೂ ಕಾಯಿದೆಗೆ ಸಾಕು ಎಂದು ಮೆತ್ತಗೆ ಹೇಳಿದಳು. ನೋಟಿಸಿನಲ್ಲೂ ಅದನ್ನು ಎಲ್ಲೋ ಬರೆದಿರುತ್ತಾರೆ. ಆ ಸಾಲನ್ನು ನೀನು ಓದಬೇಡ.

ಈಗ ಬೀದಿಯವರೆಲ್ಲ ಆ ದ್ರೋಹಿ ಯಾರೆಂದು ಹುಡುಕುತ್ತಿದ್ದಾರೆ. ಒಬ್ಬೊಬ್ಬರಾಗಿ ಬಂದು, ತಾವಲ್ಲ ಎಂದು ನನ್ನ ಮುಂದೆ ಆಣೆ ಮಾಡಿ ಹೋದರು. ಮಿಸೆಸ್ ಡಿನ್ಸ್‌ಡೇಲ್ ಕೇಕ್ ಸಮೇತ ಬಂದಳು. ಅಷ್ಟು ಜನ ನಮ್ಮ ಮನೆಗೆ ಬಂದು ಯಾವ ಕಾಲವಾಗಿತ್ತೋ. ನಿಜ ಹೇಳಿಬಿಟ್ಟರೆ ಯಾರೂ ಬರುವುದಿಲ್ಲವೆಂದು ಸುಮ್ಮನೆ ಕೇಳಿಸಿಕೊಂಡೆ, ಕೇಕನ್ನೂ ತಿಂದೆ.

ನೀನು ಹಾಕಿಸಿದ ಕಿಟಕಿಯಲ್ಲಿ ಒಂದೇ ದೋಷ: ಅದು ಅತಿ ಒಳ್ಳೆಯದು. ಚಳಿಯ ಜೊತೆಗೆ ಬೀದಿಯನ್ನೂ ಹೊರಗೇ ಇಟ್ಟುಬಿಟ್ಟಿತು. ಜನ ಎದುರಿಗೇ ಹಾದುಹೋಗುತ್ತಾರೆ, ಬಾಯಾಡುತ್ತದೆ, ಮಾತು ಕೇಳುವುದಿಲ್ಲ. ನೀನಿದ್ದಾಗ ಅದು ನನಗೆ ತಿಳಿಯಲಿಲ್ಲ, ಒಳಗೇ ನಿನ್ನ ಕೆಮ್ಮು, ನಿನ್ನ ರೇಡಿಯೋ ಇತ್ತು. ಹೋದ ಕ್ರಿಸ್‌ಮಸ್‌ಗೆ ಮನೆಮನೆಗೆ ಬಂದು ಹಾಡುವ ಮಕ್ಕಳು ನಮ್ಮ ಕಿಟಕಿಯ ಕೆಳಗೆ ನಿಂತು ಹಾಡಿದರಂತೆ. ನಾನು ಪರದೆ ಸರಿಸುವ ಹೊತ್ತಿಗೆ, ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು ಹೊರಟಿದ್ದರು. ಅವರ ಬೆನ್ನು ಮಾತ್ರ ಕಂಡಿತು. ಅವತ್ತು ತುಂಬ ಅತ್ತೆ, ಕ್ಲಿಫರ್ಡ್. ಬೆಚ್ಚಗಿರುವುದು ಸಾಕಾಗಿದೆ. ಒಬ್ಬಳೇ ಇರುವುದು ಅದಕ್ಕಿಂತ ಹೆಚ್ಚು ಸಾಕಾಗಿದೆ.

ನಾಚಿಕೆಪಟ್ಟುಕೊಳ್ಳಲು ಇನ್ನೇನೂ ಉಳಿದಿಲ್ಲ. ಹಗಲು ಹೊತ್ತಿನಲ್ಲೇ ಬಾ, ಎಲ್ಲರೂ ನೋಡುವಾಗಲೇ ಏಣಿ ಹಾಕಿ ಕಿಟಕಿ ಕೂರಿಸು. ಏಣಿಯನ್ನು ನಾನು ಹಿಡಿದುಕೊಳ್ಳುತ್ತೇನೆ.

ಇನ್ನೂ ನಿನ್ನವಳೇ ಆದ,
ಮ್ಯೂರಿಯಲ್

ತಾ.ಕ.: ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿದ್ದೇನೆ, ಒಂದು ವಿಷಯ ಮುಚ್ಚಿಟ್ಟಿದ್ದೆ. ನೋಟಿಸಿನಲ್ಲಿ ಮೂರು ತಿಂಗಳ ಗಡುವಿದೆ. ನೀನು ಅದನ್ನು ಓದಿ ಕೊನೆಯ ವಾರದವರೆಗೆ ಯೋಚಿಸುತ್ತೀಯ ಎಂದು ಹೆದರಿಕೆಯಾಯಿತು. ಅದಕ್ಕೇ ಇವತ್ತು ಬೆಳಿಗ್ಗೆ, ಇದನ್ನು ಬರೆಯಲು ಕೂರುವ ಮೊದಲೇ, ಬಡಗಿಯನ್ನು ಕರೆಸಿ ಪ್ಲಾಸ್ಟಿಕ್ ಕಿಟಕಿಯನ್ನು ಕೀಳಿಸಿಬಿಟ್ಟೆ. ಅಲ್ಲೀಗ ಬರೀ ಒಂದು ಹಲಗೆ ಬಡಿದಿದೆ. ಇದನ್ನೆಲ್ಲ ಬರೆದದ್ದು ಅದರ ಪಕ್ಕದಲ್ಲೇ, ಮೈಮೇಲೆ ನೀನು ಬಿಟ್ಟುಹೋದ ಕೋಟು ಹಾಕಿಕೊಂಡು. ಚಳಿ ವಿಪರೀತ. ಆದರೆ ಬೀದಿಯಲ್ಲಿ ಯಾವ ವ್ಯಾನು ಬಂದು ನಿಂತರೂ ನನಗೆ ಕೇಳುತ್ತದೆ.