ಅತ್ತೆಯ ಗಾಡಿಯ ನೀಲಿ

ಮಾರ್ಚ್ 3, ಸೋಮವಾರ

ಇವತ್ತೂ ಅದೇ. ಹೊಸ ಶೇಡ್ ಹೊಡೆದ ತಗಡನ್ನು ಬಾನೆಟ್ ಮೇಲಿಟ್ಟೆ. ಅತ್ತೆ ಸ್ಟೂಲಿನಿಂದ ಏಳದೆಯೇ ನೋಡಿದರು.

"ಇದಲ್ಲ."

"ಚೂರು ಬೆಳಕಿಗೆ ಬಂದು ನೋಡಿ ಅತ್ತೆ."

"ಇಷ್ಟು ವರ್ಷ ಓಡಿಸಿದ ಗಾಡಿ ಕಣಪ್ಪ. ಬೆಳಕಿಗೆ ಬರಬೇಕಾ? ಇದು ಸತ್ತ ಬಣ್ಣ. ನನ್ನ ಗಾಡಿ ಹಾಗಿರಲಿಲ್ಲ."

ತಗಡನ್ನು ಗೋಡೆಗೆ ಒರಗಿಸಿದೆ. ಬೇಡವೆನಿಸಿಕೊಂಡವೆಲ್ಲ ಅಲ್ಲೇ ಸಾಲಾಗಿ ನಿಂತಿವೆ. ಎಲ್ಲವೂ ತಿಳಿ ನೀಲಿ. ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ.

ಅತ್ತೆಯ ಡ್ರೈವಿಂಗ್ ಸ್ಕೂಲಿನ ಮೊದಲ ಗಾಡಿ ಇದು. ಸ್ಕೂಲು ಮುಚ್ಚಿದರೂ ಇದನ್ನು ಮಾರಲಿಲ್ಲ. ಡೆಂಟಿಂಗ್, ಎಂಜಿನ್ ಎಲ್ಲ ಮುಗಿದು ಬಣ್ಣವೊಂದೇ ಬಾಕಿ. ನನ್ನವಳನ್ನು ಬ್ಯಾಂಕಿನವರು ಬೇರೆ ಊರಿಗೆ ವರ್ಗ ಮಾಡಿ ಎರಡು ತಿಂಗಳಾಯಿತು. ಅಲ್ಲಿ ಮನೆ ಹಿಡಿದಿದ್ದಾಳೆ. ಅಲ್ಲಿನ ಗ್ಯಾರೇಜಿನವನು ನನಗೆ ಪೇಂಟರ್ ಕೆಲಸ ಕೊಡುತ್ತೇನೆಂದಿದ್ದಾನೆ. ಅವಳು ಹೊರಟ ದಿನ ಅತ್ತೆ ಅಂದಿದ್ದರು — "ಗಾಡಿ ಅರ್ಧಕ್ಕೆ ಬಿಡಬೇಡ. ಮುಗಿಸಿ ಹೋಗು." ತಲೆಯಾಡಿಸಿದೆ. ಅದರಲ್ಲಿ ನಾನು ಎತ್ತಿದ ಕೈ.

ಮಾರ್ಚ್ 5, ಬುಧವಾರ

ಬಾಗಿಲಿನ ರಬ್ಬರ್ ಬೀಡಿಂಗ್ ಕಿತ್ತೆ. ಕೆಳಗೆ ಬಿಸಿಲು ಗಾಳಿ ಸೋಕದ ಒಂದು ಪಟ್ಟಿ. ಕಂಪನಿಯಿಂದ ಬಂದಾಗಿನ ಪೇಂಟು. ಪಾಲಿಶ್ ಕಾಂಪೌಂಡ್ ಹಚ್ಚಿ ಮೆಲ್ಲಗೆ ಉಜ್ಜಿದೆ. ತಿಳಿ ನೀಲಿ, ಒಳಗೆಲ್ಲೋ ಹೊಗೆಯಂಥ ಬೂದು. ಗೋಡೆಯ ಸಾಲಿನಿಂದ ಶುರುವಿನ ಒಂದು ತಗಡು ತಂದು ಪಕ್ಕಕ್ಕೆ ಹಿಡಿದೆ. ತಗಡು ಎಲ್ಲಿ ಮುಗಿಯಿತು, ಬಾಗಿಲು ಎಲ್ಲಿ ಶುರುವಾಯಿತು — ಗೊತ್ತಾಗಲಿಲ್ಲ. ಮೈ ಜುಮ್ಮೆಂದಿತು. ಅತ್ತೆಯನ್ನು ಕೂಗಿ ಕರೆದೆ.

ಬಗ್ಗಿ ನೋಡಿದರು. "ಅದೂ ಮಾಸಿದೆ, ಇದೂ ಮಾಸಿದೆ. ಹೊಂದದೆ ಇನ್ನೇನು?"

ತಗಡನ್ನು ಮತ್ತೆ ಗೋಡೆಗೆ ಒರಗಿಸಿದೆ. ನನಗೆ ಗಾಡಿ ಕಲಿಸಿದ್ದು ಇದೇ ಗಾಡಿಯಲ್ಲಿ, ಇವರೇ. ಇವರ ಮಗಳನ್ನು, ನನ್ನವಳನ್ನು, ಮೊದಲು ನೋಡಿದ್ದೂ ಆಗಲೇ. ಪಕ್ಕದ ಸೀಟಿನಲ್ಲಿ ಅತ್ತೆಗೆ ಅಂತಲೇ ಇನ್ನೊಂದು ಬ್ರೇಕ್. ನಾನು ಅನುಮಾನಿಸುವಷ್ಟರಲ್ಲಿ ಅವರು ಒತ್ತಿಯಾಗಿರುತ್ತಿತ್ತು. ಅವರು ನನ್ನನ್ನು ನೀನು ಅನ್ನುವುದೂ ಆಗಿನಿಂದಲೇ. ಮದುವೆಯಾದ ಮೇಲೂ ಬದಲಾಗಲಿಲ್ಲ.

ಮಾರ್ಚ್ 14, ಶುಕ್ರವಾರ

ಅವಳ ಫೋನು.

"ರೀ, ಅಮ್ಮ ಹೂಂ ಅನ್ನೋವರೆಗೆ ಕಾಯ್ತಾ ಕೂತರೆ ನಿಮ್ಮ ಗಡ್ಡ ಅಲ್ಲೇ ನೆರೆಯುತ್ತೆ."

"ಮಾತು ಕೊಟ್ಟಿದ್ದೀನಲ್ಲ."

"ನನಗೂ ಕೊಟ್ಟಿದ್ರಿ."

ಗ್ಯಾರೇಜಿನವನು ತಿಂಗಳ ಕೊನೆಯವರೆಗೆ ಕಾಯುತ್ತಾನಂತೆ. ಫೋನಿಟ್ಟು ಚಪ್ಪಲಿ ಮೆಟ್ಟಿ ಗೇಟಿನವರೆಗೆ ಹೋದೆ. ಅಡುಗೆಮನೆಯ ಕಿಟಕಿಯಿಂದ ಅತ್ತೆ — "ಎಲ್ಲಿಗೆ?"

"ಇಲ್ಲೇ."

ನಿಜಕ್ಕೂ ಎಲ್ಲಿಗೂ ಇಲ್ಲ. ವಾಪಸ್ ಬಂದೆ.

ಮಾರ್ಚ್ 17, ಸೋಮವಾರ

ಇನ್ನು ಗಾಡಿಗೆ ಹೊಂದಿಸುವುದು ಬೇಡ. ಅತ್ತೆಗೆ ಹೊಂದಿಸೋಣ ಅಂದುಕೊಂಡೆ. ಬೂದು ಪೂರಾ ಬಿಟ್ಟೆ. ನೀಲಿ ಒಂದೊಂದೇ ಹನಿ ಏರಿಸುತ್ತ ಹೋದೆ. ಪ್ರತಿ ಸಲ ಅವರ ಮುಖ ನೋಡುವುದು, ಮತ್ತೆ ಹನಿ.

"ಹೂಂ. ಇದು." ಸ್ಟೂಲಿನಿಂದ ಎದ್ದು ಹತ್ತಿರ ಬಂದರು. "ಇಷ್ಟು ದಿನ ಎಲ್ಲಿಟ್ಟಿದ್ದೆ ಇದನ್ನ?"

ನನ್ನ ಕಣ್ಣಿಗೆ ಪ್ಲಾಸ್ಟಿಕ್ ಬಕೆಟ್ಟಿನ ಬಣ್ಣ. ಕಲಸಿದ ಕೈಗೇ ನಾಚಿಕೆ. ಆದರೆ ಮನಸ್ಸು ಆಗಲೇ ಬಟ್ಟೆ ಮಡಚಿಡುತ್ತಿತ್ತು.

ಮಾರ್ಚ್ 29, ಶನಿವಾರ

ಗಾಡಿ ಮುಗಿಯಿತು. ಎಲ್ಲೂ ಪೇಂಟ್ ಇಳಿದಿಲ್ಲ, ಒಂದು ಧೂಳಿನ ಕಣ ಕೂತಿಲ್ಲ. ಇಷ್ಟು ಚೊಕ್ಕ ಕೆಲಸ ನಾನು ಮಾಡಿದ್ದೇ ಇಲ್ಲ. ಬಣ್ಣ ಮಾತ್ರ ತಪ್ಪು.

ನನ್ನನ್ನು ಕರೆದೊಯ್ಯಲು ಅವಳೇ ಬಂದಳು. ಶೆಡ್ಡಿನ ಬಾಗಿಲಲ್ಲೇ ನಿಂತಳು.

"ಇದೇನ್ರೀ, ಐಸ್‌ಕ್ರೀಂ ಮಾರೋ ಗಾಡಿನಾ?"

"ನಿಮ್ಮಮ್ಮನೇ ಒಪ್ಪಿದ್ದು."

ಅತ್ತೆ ಗಾಡಿಯಲ್ಲಿ ಒಂದು ಸುತ್ತು ಹೋಗಿಬರಲು ತಯಾರಾಗಿ ಬಂದರು. ಶೂ, ಕಾಲುಚೀಲ, ಎಲ್ಲ. ಒಂದು ಕಾಲುಚೀಲ ಕಪ್ಪು, ಇನ್ನೊಂದು ಕಡು ನೀಲಿ. ಅವಳು ನನ್ನ ಮುಖ ನೋಡಿದಳು. ನಾನು ಅವಳದು.

"ಅಮ್ಮ, ಕಣ್ಣು ತೋರಿಸಿ ಎಷ್ಟು ದಿನ ಆಯ್ತು?"

"ನನ್ನ ಕಣ್ಣಿಗೇನಾಗಿದೆ? ಸೊಳ್ಳೆ ಹಾರಿದರೂ ಕಾಣುತ್ತೆ."

ಏಪ್ರಿಲ್ 1, ಮಂಗಳವಾರ

ಎರಡೂ ಕಣ್ಣಲ್ಲಿ ಪೊರೆ. ಡಾಕ್ಟರು ಅತ್ತೆಗೇ ಹೇಳಿದರು — "ಎಷ್ಟೋ ವರ್ಷದಿಂದ ಹಳದಿ ಗಾಜಿನ ಹಿಂದಿನಿಂದ ನೋಡ್ತಾ ಇದ್ದೀರಮ್ಮ. ಎಲ್ಲಕ್ಕಿಂತ ನೀಲಿನೇ ಮಂಕಾಗಿ ಕಾಣೋದು."

ನಾನು ನೆಲ ನೋಡಿದೆ.

ಮೊದಲು ಬಲಗಣ್ಣಿಗೆ ಆಪರೇಷನ್. ಎಡಗಣ್ಣು ಮುಂದಿನ ತಿಂಗಳು. ಅವಳಿಗೆ ರಜೆಯಿಲ್ಲ. ಹೊತ್ತು ಹೊತ್ತಿಗೆ ಕಣ್ಣಿಗೆ ಹನಿ ಹಾಕಲು ಯಾರಾದರೂ ಬೇಕು. ಯಾರು ಅಂತ ಯಾರೂ ಕೇಳಲೇ ಇಲ್ಲ. ಅಲ್ಲಿನ ಗ್ಯಾರೇಜಿನವನು ಬೇರೆಯವನನ್ನು ಇಟ್ಟುಕೊಂಡನಂತೆ. "ಇನ್ನೊಂದು ಸಿಗುತ್ತೆ ಬಿಡಿ" ಅಂದಳು ಬಸ್ ಹತ್ತುವಾಗ. ಕಿಟಕಿಯಿಂದ ಕೈ ಬೀಸಲಿಲ್ಲ.

ಏಪ್ರಿಲ್ 12, ಶನಿವಾರ

ಆಪರೇಷನ್ ಆದಮೇಲೆ ಅತ್ತೆ ಇವತ್ತೇ ಶೆಡ್ಡಿಗೆ ಬಂದದ್ದು. ಕಪ್ಪು ಕನ್ನಡಕ ತೆಗೆದು ಗಾಡಿಯ ಮುಂದೆ ನಿಂತರು. ಬಲಗಣ್ಣಿಗೆ ಅಂಗೈ ಅಡ್ಡ ಹಿಡಿದರು. ಆಮೇಲೆ ಎಡಗಣ್ಣಿಗೆ. ಮತ್ತೆ ಬಲಗಣ್ಣಿಗೆ.

ಗೋಡೆಯ ಹತ್ತಿರ ಹೋಗಿ ತಗಡುಗಳನ್ನು ಒಂದೊಂದಾಗಿ ಸರಿಸಿದರು. ನಾನು ತೋರಿಸದೆಯೇ ಆ ತಗಡನ್ನು ಎತ್ತಿಕೊಂಡರು.

"ಇದನ್ನ ಯಾವಾಗ ಮಾಡಿದ್ದು?"

"ಜನವರಿಯಲ್ಲಿ."

"ಇದೇ ಸರಿ ಅಂತ ಗೊತ್ತಿತ್ತಾ?"

"ಗೊತ್ತಿತ್ತು ಅತ್ತೆ. ಬೀಡಿಂಗ್ ಕೆಳಗೆ ತೋರಿಸಿದೆನಲ್ಲ."

"ತೋರಿಸಿದೆ. ಹೇಳಲಿಲ್ಲ. ನಿಮ್ಮದು ತಪ್ಪು ಅಂತ ಒಂದು ಸಲ ಬಾಯಿಬಿಟ್ಟಿದ್ರೆ ನಿನ್ನ ನುಂಗ್ತಿದ್ದೆನಾ?"

ಹೌದು ಅನ್ನಬೇಕೆನಿಸಿತು.

"ಪೂರ್ತಿ ತೆಗೆದು ಇದನ್ನ ಹೊಡೆಯೋಕೆ ಎಷ್ಟು ದಿನ ಬೇಕು?"

ಕೊನೆಗೂ ಬಂತು ಮಾತು — "ನಾನು ಮಾಡಲ್ಲ ಅತ್ತೆ. ನಾನು ಹೋಗಬೇಕು."

ನನ್ನನ್ನೇ ನೋಡಿದರು. ಒಂದು ಕಣ್ಣಲ್ಲಿ ನಾನು ಹೇಗೆ ಕಂಡೆನೋ, ಇನ್ನೊಂದರಲ್ಲಿ ಹೇಗೋ.

"ಹೋಗು. ಹಿಡಿದಿದ್ದು ಯಾರು?"

ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು.

ಏಪ್ರಿಲ್ 14, ಸೋಮವಾರ, ಬೆಳಗ್ಗೆ

ಬ್ಯಾಗ್ ಬಾಗಿಲ ಹತ್ತಿರ ಇದೆ. ಇನ್ನು ಮೇಲೆ ಹನಿ ಹಾಕಲು ಪಕ್ಕದ ಮನೆಯ ನರ್ಸಮ್ಮ ಒಪ್ಪಿದ್ದಾರೆ. ನನ್ನವಳಿಗೆ ನಿನ್ನೆ ಫೋನಲ್ಲಿ ಬರುತ್ತೇನೆ ಅಂತ ಹೇಳಿದಾಗ ನಕ್ಕಳು. ಎಷ್ಟು ಕಾಲವಾಯಿತೋ ಆ ನಗು ಕೇಳಿ. ಬಸ್ ಸ್ಟ್ಯಾಂಡಿಗೆ ತಾನೇ ಬರುತ್ತಾಳಂತೆ.

ಅತ್ತೆ ಅಡುಗೆಮನೆಯಲ್ಲಿಲ್ಲ. ಮೇಜಿನ ಮೇಲೆ ಕಾಫಿ ಮುಚ್ಚಿಟ್ಟಿದ್ದಾರೆ.

ಶೆಡ್ಡಿನಿಂದ ಸದ್ದು. ಸರ್... ಸರ್... ಬಾಗಿಲ ಸಂದಿಯಿಂದ ಇಣುಕಿ ಬಂದೆ. ಗಾಡಿಯ ಬಾಗಿಲನ್ನು ತಾವೇ ಉಜ್ಜುತ್ತಿದ್ದಾರೆ. ಉಪ್ಪುಕಾಗದ ಮುಷ್ಟಿಯಲ್ಲಿ ಮುದುಡಿ ಹಿಡಿದಿದ್ದಾರೆ. ನೀರಿಲ್ಲ, ಏನಿಲ್ಲ. ನೀರು ಹಾಕದೆ ಉಜ್ಜಿದರೆ ತಗಡಿನವರೆಗೂ ಗೀರು ಬೀಳುತ್ತದೆ. ಪೇಂಟಿನ ಪುಡಿ ಮುಖದೆತ್ತರಕ್ಕೆ ಹಾರುತ್ತಿದೆ. ಕನ್ನಡಕ ಹಾಕಿಲ್ಲ. ಧೂಳು ಸೋಕಬಾರದು ಅಂತ ಡಾಕ್ಟರು ಎಷ್ಟು ಸಲ ಹೇಳಿದ್ದರು.

ನನ್ನನ್ನು ಕರೆದಿಲ್ಲ. ಕರೆಯುವುದೂ ಇಲ್ಲ.

ಬಸ್ಸಿಗೆ ಇನ್ನೂ ಹೊತ್ತಿದೆ. ಒಳಗೆ ಕಾಲಿಡುವುದಿಲ್ಲ. ಒಂದು ಬಕೆಟ್ ನೀರು, ಆ ಕನ್ನಡಕ, ಎರಡನ್ನೂ ಬಾಗಿಲಲ್ಲಿಟ್ಟು, ಕಾಗದ ಹೀಗೆ ಹಿಡಿಯಬೇಕು ಅಂತಷ್ಟೇ ಹೇಳಿ —