ಸೋತ ಕೇಸು, ಗೆದ್ದ ಮಸೂದೆ

ಮಾರ್ಚ್ ೧೨, ಗುರುವಾರ

ಸದನದಲ್ಲಿ ಮಾತಾಡಿ ಮಾತಾಡಿ ಗಂಟಲು ಕಟ್ಟಿಹೋಗಿದೆ. ಆದರೂ ಇದನ್ನು ಬರೆಯದೆ ಮಲಗಲು ಮನಸ್ಸಿಲ್ಲ. ಬಾಡಿಗೆದಾರರ ಮಸೂದೆ ಇವತ್ತು ಪಾಸಾಯಿತು. ಇನ್ನು ಮುಂದೆ ನೋಟಿಸ್ ಕೊಡದೆ ಯಾರನ್ನೂ ಮನೆಯಿಂದ ಹೊರಗೆ ಹಾಕುವಂತಿಲ್ಲ.

ವಕೀಲಳಾಗಿದ್ದಾಗ, ಬಟ್ಟೆ ಹೊಲಿದು ಬದುಕುತ್ತಿದ್ದ ಹೆಂಗಸೊಬ್ಬರ ಪರ ವಾದಿಸಿ ಸೋತಿದ್ದೆ. ಹೊಲಿಗೆ ಯಂತ್ರದ ಸಮೇತ ಅವರನ್ನು ಬೀದಿಗೆ ತಂದರು. ನೋಟಿಸ್ ಕೊಡಬೇಕೆಂದಿರಲಿಲ್ಲ, ಕಾನೂನೇ ಹಾಗಿತ್ತು. ಆ ಸಿಟ್ಟಿಗೇ ಕರಿಕೋಟು ಕಳಚಿ ಚುನಾವಣೆಗೆ ನಿಂತೆ, ಈಗ ವಿಧಾನಸಭೆಯಲ್ಲಿ ಆಡಳಿತ ಪಕ್ಷದ ಸಭಾನಾಯಕಿ. ಅವತ್ತು ಮನೆ ಮಾಲೀಕರ ವಕೀಲರಾಗಿದ್ದವರೇ ಇವತ್ತಿನ ವಿರೋಧಪಕ್ಷದ ನಾಯಕರು.

ನಮ್ಮವರೇ ಕೆಲವರು ಕೈಕೊಟ್ಟಿದ್ದರು. ವಿರೋಧಿಗಳ ಓಟಿಲ್ಲದೆ ಮಸೂದೆ ಉಳಿಯುತ್ತಿರಲಿಲ್ಲ. ನನ್ನ ಭಾಷಣದಲ್ಲಿ ಆ ಹಳೇ ಕೇಸಿನ ಕಥೆ ಹೇಳಿದ್ದೆ. ವಿರೋಧಪಕ್ಷದ ನಾಯಕರು ಮಾತಾಡಲು ಎದ್ದಾಗ, ಮಸೂದೆ ಬಿತ್ತು ಅಂದುಕೊಂಡೆ.

"ಆ ಕೇಸು ಗೆದ್ದವನು ನಾನೇ, ಅಧ್ಯಕ್ಷರೇ. ಗೆದ್ದು ಹೊರಗೆ ಬಂದರೆ ಆಯಮ್ಮ ಕೋರ್ಟಿನ ಮೆಟ್ಟಿಲ ಮೇಲೆ ಕೂತಿದ್ದರು. ನನಗೆ ಅವರನ್ನು ದಾಟಿ ಹೋಗೋಕೆ ಆಗಲಿಲ್ಲ. ಹಿಂದಿನ ಬಾಗಿಲಿಂದ ಹೋದೆ. ಈ ಮಸೂದೆಗೆ ನಮ್ಮ ಬೆಂಬಲವಿದೆ."

ಆಮೇಲೆ ಮೊಗಸಾಲೆಯಲ್ಲಿ ಥ್ಯಾಂಕ್ಸ್ ಹೇಳಲು ಹೋದೆ. "ಅದೆಲ್ಲ ಇರಲಿ ಬಿಡಮ್ಮ. ನಾಳೆ ಬಜೆಟ್ ಚರ್ಚೇಲಿ ನಿಮ್ಮನ್ನ ಸುಮ್ಮನೆ ಬಿಡಲ್ಲ!" ಅಂತ ಗದರಿಸಿ ಹೊರಟರು.

ಮನೆಯವರಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕರು. ನಿಜ ಹೇಳಬೇಕೆಂದರೆ, ನಾಳೆಯ ಜಗಳಕ್ಕೆ ನಾನೂ ಕಾಯ್ತಿದ್ದೀನಿ. ಜಗಳಕ್ಕೂ ಇಂಥವರು ಸಿಗಬೇಕು...